ಅಮಾವಾಸ್ಯೆಯ ಮಗ್ಗದ ಸಪ್ಪಳ

"ಕೈ ಎತ್ತಿ! ಒಂದಲ್ಲ, ಎರಡೂ ಕೈ! ಬಡವರಾಗಿಯೇ ಸಾಯುತ್ತೇವೆ ಅನ್ನುವವರು ಮಾತ್ರ ಕೈ ಕೆಳಗಿಡಬಹುದು!"

ಜಮಖಂಡಿಯ ಆ ಮದುವೆ ಮಂಟಪದಲ್ಲಿ ಕೂತಿದ್ದವರೆಲ್ಲ ಕೈ ಎತ್ತಿದರು. ಮುಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ಎತ್ತಲಿಲ್ಲ. ಅವಳ ಕೈಯಲ್ಲಿ ಶೇಂಗಾ ಪೊಟ್ಟಣವಿತ್ತು.

"ತಾಯೀ, ನಿಮಗೆ ಕೋಟ್ಯಧಿಪತಿ ಆಗುವುದು ಬೇಡವೇ?"

"ಶೇಂಗಾ ಚೆಲ್ತಾವರಿ," ಎಂದಳು ತಾಯವ್ವ.

ಜನ ನಕ್ಕರು. ವೇದಿಕೆಯ ಮೇಲಿದ್ದ ಗಿರಿಮಲ್ಲಪ್ಪನೂ ನಕ್ಕ. ಬೇರೆಯವರ ಮಾತಿಗೆ ಜನ ನಕ್ಕರೆ ಅವನ ನಗು ಒಂದು ಗಳಿಗೆ ತಡವಾಗಿ ಬರುತ್ತಿತ್ತು.

ಬಿಳಿ ಸೂಟು, ಬಿಳಿ ಬೂಟು, ಕೊರಳಿಗೆ ಸಿಕ್ಕಿಸಿದ ಮೈಕು. ಹಿಂದಿನ ಪರದೆಯಲ್ಲಿ ಅವನದೇ ಮುಖ, ಮೂಗೇ ಒಂದಾಳು ಎತ್ತರ. ಕೆಳಗೆ ದಪ್ಪಕ್ಷರದಲ್ಲಿ "ವ್ಯವಹಾರ ಮಹಾಗುರು. ಸೋಲಿಗೇ ಸೋಲು ಕಲಿಸಿದವರು." ಪಕ್ಕದ ಮೇಜಿನ ಮೇಲೆ ಅವನಿಗೆ ಬಂದ ಪ್ರಶಸ್ತಿಗಳ ಸಾಲು. ಪ್ರಶಸ್ತಿ ಕೊಟ್ಟ ಸಂಸ್ಥೆಯ ಅಧ್ಯಕ್ಷನೂ ಅವನೇ ಎಂಬುದು ತಾಯವ್ವನಿಗೆ ನಿನ್ನೆಯೇ ಗೊತ್ತಾಗಿತ್ತು.

"ನಾನು ಯಾರು? ರಬಕವಿಯ ಮಗ್ಗದ ಗುಂಡಿಯಲ್ಲಿ ಹುಟ್ಟಿದವನು! ನನ್ನ ಜೋಗುಳ ಯಾವುದು? ಕೇಳಿ!"

ಸ್ಪೀಕರುಗಳಿಂದ ಮಗ್ಗದ ಸಪ್ಪಳ ಎದ್ದಿತು. ಖಟಕ್ ಖಟಕ್, ಖಟಕ್ ಖಟಕ್. ಗಿರಿಮಲ್ಲಪ್ಪ ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟ.

"ಈ ಸಪ್ಪಳ ಇಲ್ಲದೆ ನಾನು ಎಲ್ಲಿಯೂ ಮಾತಾಡಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಕಾಲು ಹಿಡಿದು ಕರೆದವು. ಹೋಗಲಿಲ್ಲ. ನಾನು ಹೋದರೆ ಜಮಖಂಡಿಗೆ ಯಾರಿದ್ದಾರೆ? ಸೋಲು ನನ್ನ ಮನೆ ಬಾಗಿಲಿಗೆ ಒಮ್ಮೆ ಬಂದಿತ್ತು. ನನ್ನಿಂದಲೇ ಸಲಹೆ ಕೇಳಿಕೊಂಡು ವಾಪಸು ಹೋಯಿತು! ಇದನ್ನು ನಾನು ಹೇಳಿಕೊಳ್ಳಬಾರದು. ವಿನಯದಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇಲ್ಲ."

ಚಪ್ಪಾಳೆ. ಮುಧೋಳದ ಒಬ್ಬ ಕಿರಾಣಿ ವ್ಯಾಪಾರಿ ಎದ್ದು ನಿಂತೇ ತಟ್ಟಿದ.

ತಾಯವ್ವನ ಎಡಕ್ಕೆ ಕೂತಿದ್ದ ರಂಜನಾ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ಅಕ್ಕಾರ, ಇವತ್ತ ಸಂಜಿಗೆ ಜಡ್ಜ ಸಾಹೇಬ್ರ ಮುಂದ ನಿಲ್ಲಸ್ತಾರಂತರಿ. ಒಮ್ಮೆ ಜೇಲಿಗೆ ಹೋದ್ರ ನಮ್ಮಂಥವರು ಬಿಡಿಸ್ಕೊಂಡು ಬರೂದು ಯಾವಾಗರಿ?"

"ಸಂಜಿ ಇನ್ನೂ ಆಗಿಲ್ಲ. ಶೇಂಗಾ ತಿನ್ನು."

ರಂಜನಾಳ ಗಂಡ ಮಾಳಿಂಗರಾಯ, ತಿಮ್ಮಾಪುರದ ಕುರಿಗಾರ, ನಿನ್ನೆಯಿಂದ ಲಾಕಪ್ಪಿನಲ್ಲಿದ್ದ. ಅವನನ್ನು ಬಿಡಿಸಲೆಂದೇ ಅವಳು ತಾಯವ್ವನನ್ನು ಹುಡುಕಿಕೊಂಡು ಬಂದಿದ್ದಳು. ಗುರುವಿನ ಮೊದಲ ಶಿಷ್ಯ ಕಲ್ಮೇಶ ಹೋದ ಅಮಾವಾಸ್ಯೆಯ ಸಂಜೆ ಕಾಣೆಯಾಗಿ, ಅವನ ಬೈಕು ಗಲಗಲಿಯ ಕೃಷ್ಣಾ ಸೇತುವೆಯ ಮೇಲೆ ಸಿಕ್ಕಿತ್ತು. ಅವನನ್ನು ಹೊಳೆಗೆ ನೂಕಿದವನು ಮಾಳಿಂಗರಾಯನೇ ಎನ್ನುವುದು ಪೊಲೀಸ್ ಠಾಣೆಯ ಫೌಜದಾರರ ಲೆಕ್ಕ.

ಆ ಲೆಕ್ಕಕ್ಕೆ ಕಾರಣವೂ ಇತ್ತು. ಗುರುವಿನ ಜಾಹೀರಾತಿಗೆಂದು ಕಲ್ಮೇಶ ಮಾಳಿಂಗರಾಯನ ಬೇಟೆನಾಯಿಯನ್ನು ಒಯ್ದಿದ್ದ. ನಾಯಿ ಕುಂಟುತ್ತ ವಾಪಸು ಬಂತು. ಗಲಗಲಿಯ ಚಹಾದಂಗಡಿಯ ಮುಂದೆ ಮಾಳಿಂಗರಾಯ ಕಲ್ಮೇಶನ ಅಂಗಿ ಹಿಡಿದು "ನಿನ್ನ ಹೊಳಿಗೆ ಹಾಕ್ತೇನಿ" ಅಂದಿದ್ದನ್ನು ಊರೇ ಕೇಳಿತ್ತು. ಅಮಾವಾಸ್ಯೆಯ ಸಂಜೆ ಅವನ ಕುರಿಗಳು ಸೇತುವೆಯ ಬಳಿಯೇ ಇದ್ದವು.

ಗುರುವಿನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಆ ಸಂಜೆ ಅವನು ರಬಕವಿಯ ಕಚೇರಿಯಿಂದ ಫೋನಿನಲ್ಲಿ ಲೈವ್ ಮಾತಾಡುತ್ತಿದ್ದ. ಸಾವಿರಾರು ಜನ ನೋಡಿದ್ದರು.

ತಾಯವ್ವನೂ ನೋಡಿದ್ದಳು, ಆಮೇಲೆ, ಮೂರು ಸಲ. ಮೂರನೇ ಸಲಕ್ಕೆ ಅವಳ ಕೈಯಲ್ಲಿದ್ದ ಚಹಾದ ಲೋಟ ಬಾಯಿಯವರೆಗೆ ಬಂದು ನಿಂತುಬಿಟ್ಟಿತ್ತು.

"ನನ್ನ ಕಲ್ಮೇಶ!" ಗುರುವಿನ ದನಿ ನಡುಗಿತು. ಪರದೆಯ ಮೇಲೆ ಶಿಷ್ಯನ ಚಿತ್ರ ಬಂತು. ತೆಳ್ಳಗಿನ ಮುಖ, ಅಂಗಿಯ ಮೇಲೆ ಕಾಣುವಂತೆ ಇಳಿಬಿಟ್ಟ ಬೆಳ್ಳಿಯ ಕರಡಿಗೆ. ಅದರೊಳಗೆ ಅವನ ಇಷ್ಟಲಿಂಗ. "ಅವನ ತಾಯಿ ಇಲ್ಲಿದ್ದಾಳೆ. ನೋಡಿ, ಆ ಕಣ್ಣೀರು ನೋಡಿ!"

ಕ್ಯಾಮೆರಾ ತಂಗೆವ್ವನ ಕಡೆ ತಿರುಗಿತು. ರಬಕವಿಯ ಆ ನೇಕಾರ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಊಟದ ನಂತರ ಈ ವೇದಿಕೆಯ ಮೇಲೆ ಒಂದು ಪವಾಡ ನಡೆಯುತ್ತದೆ. ಎದ್ದು ಮನೆಗೆ ಹೋದವರು ಮೊಮ್ಮಕ್ಕಳಿಗೆ ಉತ್ತರ ಕೊಡಬೇಕಾಗುತ್ತದೆ!"

ತಾಯವ್ವ ಶೇಂಗಾ ಸಿಪ್ಪೆ ಝಾಡಿಸಿ ಎದ್ದಳು. "ರಂಜನಾ, ನೀ ಊಟಾ ಮಾಡು."

"ನನಗ ಊಟ ಒಳಗ ಇಳಿಯಂಗಿಲ್ಲರಿ. ಹೊರಗ ಗಾಳಿಗೆ ನಿಂತು ಬರ್ತೇನಿ."

* * *

ವಧುವಿನ ಕೋಣೆಯೇ ಗುರುವಿನ ಕಚೇರಿಯಾಗಿತ್ತು. ಗೋಡೆಯ ಮೇಲೆ ಯಾರದೋ ಮದುವೆಯ ಅರಿಶಿನದ ಕೈಗುರುತು, ಕನ್ನಡಿಯ ಅಂಚಿಗೆ ಅಂಟಿಸಿ ಮರೆತ ಒಂದು ಬಿಂದಿ. ಆ ಕನ್ನಡಿಯ ಮುಂದೆ ಗಿರಿಮಲ್ಲಪ್ಪ ತನ್ನ ಹುಬ್ಬನ್ನು ಬೆರಳಿನಿಂದ ತೀಡುತ್ತಿದ್ದ.

"ಬನ್ನಿ ಅಕ್ಕಾರ. ನೀವು ಯಾರು ಅಂತ ಗೊತ್ತು. ಹೆಡ್ ಕಾನ್‌ಸ್ಟೇಬಲ್ ತಾಯವ್ವ. ಮೇಲಧಿಕಾರಿಯ ಕಪಾಳಕ್ಕೆ ಹೊಡೆದು ನೌಕರಿ ಬಿಟ್ಟವರು."

"ಹೊಡದದ್ದು ಖರೆ. ಬಿಟ್ಟದ್ದು ಆಮ್ಯಾಲೆ."

"ಈಗ ಪತ್ತೇದಾರಿ ಕೆಲಸ. ಬೋರ್ಡಿಲ್ಲ, ಕಾರ್ಡಿಲ್ಲ. ಕೆಲಸ ಚೆನ್ನಾಗಿದೆ, ಬ್ರ್ಯಾಂಡ್ ಸತ್ತಿದೆ. ನನ್ನ ಸಿಂಹಮಾರ್ಗ ಶಿಬಿರಕ್ಕೆ ಸೇರಿ. ಒಂದೇ ವರ್ಷದಲ್ಲಿ ನಿಮ್ಮ ಸಿಟ್ಟನ್ನೇ ಮಾರಿ ಕೊಡುತ್ತೇನೆ. 'ಕಪಾಳಮೋಕ್ಷ ತಾಯವ್ವ'. ಹೇಗಿದೆ?"

"ಛಲೋ ಐತಿ. ಮೊದಲನೇ ಗಿರಾಕಿ ನೀನ ಆಗ್ತೀಯೇನು?"

ಗುರು ನಕ್ಕ. ಈ ಸಲವೂ ಒಂದು ಗಳಿಗೆ ತಡವಾಗಿ.

ತಾಯವ್ವ ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತಳು. ಫೋನು ತೆಗೆದು ಮಂಚದ ಮೇಲಿಟ್ಟಳು. ಅಮಾವಾಸ್ಯೆಯ ಲೈವ್ ಶುರುವಾಯಿತು. ಗುರುವಿನ ಮಾತು, ಹಿಂದೆ ಖಟಕ್ ಖಟಕ್, ಖಟಕ್ ಖಟಕ್.

"ಇದು ಏನ್ ಸಪ್ಪಳ ತಮ್ಮಾ?"

"ನನ್ನ ಜೋಗುಳ. ಕಚೇರಿಯ ಕೆಳಗೆ ಕಲ್ಮೇಶನ ತಾಯಿಯ ಮಗ್ಗ ಇದೆ."

"ಅಮಾಸಿ ದಿನ?"

"ದಿನ ಯಾವುದಾದರೇನು? ದುಡಿಮೆಗೆ ರಜೆ ಇಲ್ಲ. ಅದೇ ನನ್ನ ಮೂರನೇ ಸೂತ್ರ."

"ನಿನ್ನ ಸೂತ್ರಕ್ಕ ಬೆಂಕಿ ಹಚ್ಚು. ರಬಕವಿ-ಬನಹಟ್ಟ್ಯಾಗ ಅಮಾಸಿ ದಿನ ಮಗ್ಗ ನಿಲ್ತಾವ. ನಮ್ಮಜ್ಜನ ಕಾಲದಿಂದ ನಿಲ್ತಾವ. ಮಗ್ಗಕ್ಕ ಪೂಜಿ ಮಾಡಿ ನೇಕಾರ ಕೈ ಕಟ್ಟಿ ಕೂಡ್ತಾನ. ಅವತ್ತ ನಾ ರಬಕವಿ ತವರುಮನ್ಯಾಗ ಹೋಳಿಗಿ ಉಂಡು ಮಲಗಿದ್ದೆ. ಇಡೀ ಊರು ಗಪ್‌ಚಿಪ್ ಇತ್ತು. ಅಂಥಾ ನಿದ್ದಿ ನನಗ ತವರಾಗ ಬ್ಯಾರೆ ದಿನ ಹತ್ತಂಗಿಲ್ಲ."

ಗಿರಿಮಲ್ಲಪ್ಪನ ಬೆರಳು ಹುಬ್ಬಿನ ಮೇಲೆಯೇ ನಿಂತಿತು.

"ಇಷ್ಟು ಮಂದಿ ನೋಡಿದ್ರು, ಯಾರಿಗೂ ಹೊಳೀಲಿಲ್ಲ," ತಾಯವ್ವ ಮುಂದುವರಿಸಿದಳು. "ಹೊರಗಿನವರಿಗೆ ಪದ್ಧತಿ ಗೊತ್ತಿಲ್ಲ. ನಮ್ಮವರಿಗೆ ಆ ಸಪ್ಪಳ ಉಸರು ಇದ್ದಂಗ, ಕಿವಿಗೆ ಬೀಳಂಗಿಲ್ಲ. ನನಗೂ ಎರಡು ಸಲ ಬೀಳಲಿಲ್ಲ. ಆಮ್ಯಾಲೆ ತಂಗೆವ್ವನ್ನ ಕೇಳಿದೆ. ಅಮಾಸಿ ಹಿಂದಿನ ದಿನ ಮಗ ಬಂದು, 'ಯವ್ವಾ, ಗುರುಗಳು ಮ್ಯಾಲೆ ಮಾತಾಡ್ತಾರ, ಮಗ್ಗ ಜೋರ ನಡಸು' ಅಂದನಂತ. ಅಮಾಸಿ ದಿನ ಆಕಿ ಮಗ್ಗ ಮುಟ್ಟಿಲ್ಲ."

"ಒಬ್ಬ ಮುದುಕಿಯ ನೆನಪನ್ನು..."

"ನೀ ನೇಕಾರನ ಮಗ ಆಗಿದ್ರ ಈ ತಪ್ಪು ಮಾಡ್ತಿರಲಿಲ್ಲ. ನಿಮ್ಮಪ್ಪಂದು ಮುಧೋಳದಾಗ ಗೊಬ್ಬರದ ಅಂಗಡಿ. ಗುಂಡ್ಯಾಗ ಹುಟ್ಟಿದಾಂವ ಅಲ್ಲ ನೀ, ಗೊಬ್ಬರದ ಚೀಲದ ಮ್ಯಾಲೆ ಹುಟ್ಟಿದಾಂವ. ಗೊಬ್ಬರ ಮಾರೂದು ಏನ್ ಹಗರ ಕೆಲಸೇನು? ಅದನ್ನ ಯಾಕ ಮುಚ್ಚಿಟ್ಟಿ?"

ಈ ಮಾತು ನಾಟಿತು. ಗುರುವಿನ ಕಿವಿ ಕೆಂಪಾಯಿತು. ಆದರೆ ಅವನು ಗಟ್ಟಿ ಆಸಾಮಿ. ಸೂಟಿನ ಗುಂಡಿ ಹಾಕಿಕೊಂಡು ಮಂಚದ ಮೇಲೆ ಕೂತ.

"ಸರಿ. ಹಿಂದಿನ ದಿನ ಮಾಡಿಟ್ಟ ವಿಡಿಯೋ. ಅದೇನು ಅಪರಾಧವೇ? ಎಲ್ಲರೂ ಮಾಡುತ್ತಾರೆ."

"ವಿಡಿಯೋ ಹಳೇದು. ಆದ್ರ ಅವತ್ತ ಮಂದಿ ಬರದ ಪ್ರಶ್ನಿಗೆ ಅವತ್ತ ಉತ್ತರ ಬಂದಾವ. ಯಾರೋ 'ಅಲ್ಲಿ ಮಳೆ ಇದೆಯಾ ಸರ್' ಅಂತ ಕೇಳ್ಯಾನ. 'ಈಗ ಹನಿ ಶುರುವಾಯಿತು' ಅಂತ ಉತ್ತರ ಹೋಗೇತಿ. ಅವತ್ತ ಸಂಜಿಗೆ ರಬಕವ್ಯಾಗ ಹನಿ ಬಿದ್ದದ್ದು ಖರೆ. ನೀ ಅಲ್ಲಿ ಇದ್ದಿದ್ರ ಹಳೇ ವಿಡಿಯೋ ಯಾಕ ಬೇಕಿತ್ತು? ಹಂಗಾದ್ರ ಫೋನ್ ಹಿಡದು ಕುಂತಾಂವ ಯಾರು?"

ಗುರು ಬಗ್ಗಿ ಬಿಳಿ ಬೂಟಿನ ಧೂಳು ಒರೆಸಿದ.

ತಾಯವ್ವನಿಗೆ ಇಂಥವರು ಹೊಸಬರಲ್ಲ. ಇವರನ್ನು ಹೆದರಿಸಿದರೆ ಬಾಯಿ ಬಿಡುವುದಿಲ್ಲ. ಇವರ ಬೀಗದ ಕೈ ಬೇರೆ.

ಅವಳು ಎದ್ದು ನಿಂತಳು. "ಹೋಗ್ಲಿ ಬಿಡು. ನಿನ್ನ ಕೇಳೂದ ತಪ್ಪು. ಈ ಯೋಜನಾ ನಿನ್ನದಲ್ಲ, ಕಲ್ಮೇಶಂದು. ಶ್ಯಾಣ್ಯಾ ಹುಡುಗ. ನಿನ್ನಂಥಾವಗ ಇಷ್ಟು ತೆಲಿ ಎಲ್ಲಿಂದ ಬರಬೇಕು?"

"ಕಲ್ಮೇಶಂದು?"

ಮಂಚ ಕಿರುಗುಟ್ಟಿತು. ಗುರುವಿನ ನಾಲಿಗೆಯ ಮೇಲಿದ್ದ ಇಸ್ತ್ರಿ ಮಾಡಿದ ಕನ್ನಡ ಒಮ್ಮೆಲೇ ಕಳಚಿ ಬಿತ್ತು.

"ಕಲ್ಮೇಶಂದು ಅಂತೀರೇನು? ಆಂವಗ ಏನ್ ಗೊತ್ತೈತ್ರಿ? ಎಲ್ಲಾ ನಂದು! ಗಲಗಲಿ ಸೇತುವಿ ಮ್ಯಾಲೆ ಅವನ ಬೈಕ್ ಒಯ್ದು ನಿಲ್ಲಿಸಿದಾಂವ ಯಾರು? ನಾ! ಅಲ್ಲಿಂದ ತೆಲಿಗೆ ಟವೆಲ್ ಸುತಗೊಂಡು, ಕೆಂಪು ಬಸ್ಸಿನ್ಯಾಗ, ಕೋಳಿಬುಟ್ಟಿ ಬಾಜೂ ಕುಂತು ಬಂದಾಂವ ಯಾರು? ನಾ! ಆ ಹೊತ್ತಿಗೆ ರಬಕವ್ಯಾಗ ಕುಂತು ವಿಡಿಯೋ ಹಚ್ಚಿ, ನಾ ಹೇಳಿಕೊಟ್ಟಂಗ ಉತ್ತರ ಬರದಾಂವ ಕಲ್ಮೇಶ. ಅಷ್ಟ ಅವಂದು!"

"ಅಂದ್ರ ಕಲ್ಮೇಶ ಸತ್ತಿಲ್ಲ."

"ಎದಕ್ಕ ಸಾಯ್ತಾನ್ರಿ? ಇವತ್ತ ವೇದಿಕಿ ಮ್ಯಾಲೆ ಕೆಂಪು ಪರದೆ ಸರೀತೈತಿ. ಸಿಂಹಾಸನದಾಗ ಕಲ್ಮೇಶ ಕುಂತಿರ್ತಾನ. 'ಕೃಷ್ಣಾ ಹೊಳಿ ನನ್ನ ಎಳಕೊಂಡು ಹೋಗುವಾಗ ಗುರುಗಳ ಒಂದು ಸೂತ್ರ ನೆನಪಾತು, ಈಜಿ ದಡಾ ಸೇರಿದೆ' ಅಂತಾನ. ನಾಳೆ ಯಾವ ಫೋನ್ ತಗದ್ರೂ ನನ್ನ ಮುಖ!" ಅವನು ಉಸಿರು ತೆಗೆದುಕೊಂಡ. ಅವನ ಕಣ್ಣಲ್ಲಿ ನೀರು ಬರುವಷ್ಟು ಹೆಮ್ಮೆ ಇತ್ತು. "ಇಷ್ಟು ದೊಡ್ಡದು ಮಾಡೇನಿ ಅಕ್ಕಾರ, ಯಾರ ಮುಂದೂ ಹೇಳಾಕ ಆಗವಲ್ದಾಗಿತ್ತು. ಹೊಟ್ಟಿ ಉಬ್ಬಿತ್ತು."

ತಾಯವ್ವನ ಬಲಗೈ ಮೇಲೇಳುವುದರಲ್ಲಿತ್ತು. ಅವಳು ಅದನ್ನು ಎಡಗೈಯಿಂದ ಹಿಡಿದುಕೊಂಡಳು.

"ಮಾಳಿಂಗರಾಯ ಲಾಕಪ್‌ನ್ಯಾಗ ಅದಾನ."

"ಆಂವ ತಾನ ನಡುವ ಬಂದ. ನನ್ನ ಯೋಜನಾದಾಗ ಇರಲಿಲ್ಲ. ಆದ್ರ ಪೇಪರಿನ್ಯಾಗ 'ಕೊಲೆ' ಅಂತ ಬಂದ ಮ್ಯಾಲೆ ಇವತ್ತಿನ ಪಾಸು ಎಷ್ಟು ಹೋದುವು ಗೊತ್ತೇನು? ಆಂವಗ ಒಂದು ಶಿಬಿರ ಪುಕ್ಕಟೆ ಕೊಡ್ತೇನಿ."

"ತಂಗೆವ್ವ? ಹೆತ್ತಾಕಿ. ಆಕಿಗೂ ಹೇಳಲಿಲ್ಲ?"

"ಹೇಳಿದ್ರ ಕಣ್ಣೀರು ಖರೇವು ಬರ್ತಿದ್ದುವೇನ್ರಿ?"

ಆಗ ಎಡಗೈಯ ಹಿಡಿತ ಸಡಿಲಾಯಿತು. ಕಪಾಳದ ಸದ್ದು ಕನ್ನಡಿಗೆ ಬಡಿದು ವಾಪಸು ಬಂತು.

ಗಿರಿಮಲ್ಲಪ್ಪ ಕೆನ್ನೆ ಹಿಡಿದುಕೊಂಡು ಕನ್ನಡಿ ನೋಡಿದ. ನೋವಿಗಲ್ಲ, ಪೌಡರು ಹೋಯಿತೇನೋ ಎಂದು.

"ಇದು ಮೊದಲನೇ ಗಿರಾಕಿ ಅಂತ ಅರ್ಧಾ ಕೊಟ್ಟೇನಿ," ಎಂದಳು ತಾಯವ್ವ. "ಉಳದದ್ದು ಕಲ್ಮೇಶನ್ನ ನೋಡಿದ ಮ್ಯಾಲೆ. ಎಲ್ಲಿ ಅದಾನ?"

"ಬೀಳಗ್ಯಾಗ ನನ್ನ ಗೆಳ್ಯಾನ ಖಾಲಿ ಮನ್ಯಾಗ ಇಟ್ಟಿದ್ದೆ. ಇವತ್ತ ಮುಂಜಾನೆ ಹಿತ್ತಲ ಬಾಗಲದಿಂದ ಬಂದು ಪರದೆ ಹಿಂದ ಕುಂತಾನ. ನೋಡ್ರಿ ಬೇಕಾದ್ರ." ಅವನು ತನ್ನ ಫೋನು ಚಾಚಿದ. ಕಲ್ಮೇಶನ ನಂಬರಿನಿಂದ ಒಂದು ಮೆಸೇಜು: ಬಂದು ಕುಂತೇನಿ ಗುರುಗಳ.

"ಕಣ್ಣಾರೆ ನೋಡಿಯೇನು?"

"ನಾ ನೋಡಬಾರದು. ಪರದೆ ಸರದಾಗ ನನ್ನ ಮುಖದಾಗೂ ಅಚ್ಚರಿ ಖರೇದು ಕಾಣಬೇಕಲ್ಲ? ಮಂಟಪದೊಳಗಿಂದ ಯಾರೂ ಹಿಂದ ಹೋಗಬಾರದು ಅಂತ ನಾನ ಬಾಗಲಾ ಹಾಕ್ಸೇನಿ."

"ದನಿ ಕೇಳಿಯೇನು?"

"ಮೆಸೇಜ್ ಐತೆಲ್ರಿ."

ತಾಯವ್ವ ಆ ಫೋನನ್ನು ವಾಪಸು ಕೊಡಲಿಲ್ಲ. ತನ್ನ ಚೀಲಕ್ಕೆ ಹಾಕಿಕೊಂಡಳು.

"ಫೌಜದಾರರು ನಿನ್ನ ಸತ್ಕಾರಕ್ಕ ಬರಾಕತ್ತಾರ ಅಲ್ಲ? ಛಲೋ ಆತು. ಅವರ ಕಣ್ಣ ಮುಂದನ ಪರದೆ ಸರೀಲಿ. ಕಲ್ಮೇಶ ಎದ್ದು ನಿಂತ ಕೂಡ್ಲೆ ಮಾಳಿಂಗರಾಯನ್ನ ಬಿಡಸ್ತೇನಿ. ಆಮ್ಯಾಲೆ ನಿನ್ನ ಅದ ಲಾಕಪ್‌ನ್ಯಾಗ ಕೂಡಸ್ತೇನಿ. ಅಲ್ಲಿ ಹೇಳು ನಿನ್ನ ಸೂತ್ರ."

"ಪ್ರಚಾರ ಯಾವುದಾದ್ರೂ ಪ್ರಚಾರನ ಅಕ್ಕಾರ," ಎಂದ ಗಿರಿಮಲ್ಲಪ್ಪ, ಕೆನ್ನೆಗೆ ಪೌಡರು ಒತ್ತುತ್ತ.

ಬಾಗಿಲ ತನಕ ಹೋದ ತಾಯವ್ವ ನಿಂತಳು.

"ಒಂದು ಹೇಳು. ಅಮಾಸಿ ದಿನಾನ ಆಗಬೇಕು ಅಂತ ದಿನಾ ಆರಿಸಿದಾಂವ ಯಾರು?"

"ಅದು ಕಲ್ಮೇಶ. ನಾ ಹುಣ್ಣಿಮಿಗೆ ಅಂದಿದ್ದೆ. ಆಂವ ಹಟಾ ಹಿಡದ."

"ಮಗ್ಗದ ಸಪ್ಪಳ?"

"ಅದು ನನ್ನ ನಿಯಮ. ಆದ್ರ ಜೋರ ಇರಲಿ ಅಂದಾಂವ ಆಂವನ."

ತಾಯವ್ವ ಹೊರಗೆ ಬಂದಳು. ಊಟದ ಪಂಕ್ತಿ ಮುಗಿಯುತ್ತಿತ್ತು. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು.

ಗಿರಿಮಲ್ಲಪ್ಪನಿಗೆ ಅಮಾವಾಸ್ಯೆಯ ಪದ್ಧತಿ ಗೊತ್ತಿರಲಿಲ್ಲ. ಆದರೆ ಕಲ್ಮೇಶ ತಂಗೆವ್ವನ ಮಗ. ಮಗ್ಗದ ಬಾಜೂ ತೂಗಿದ ತೊಟ್ಟಿಲಲ್ಲಿ ಬೆಳೆದವನು. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಮಾವಾಸ್ಯೆ ಆರಿಸಿದ, ಗೊತ್ತಿದ್ದೇ ಸಪ್ಪಳ ಜೋರು ಮಾಡಿಸಿದ.

ತನಗೆ ಏನಾದರೂ ಆದರೆ ಗುರುವಿನ ಸುಳ್ಳು ರಬಕವಿಯ ಯಾರ ಕಿವಿಗಾದರೂ ಬೀಳಲಿ ಎಂದು ಅವನು ಒಂದು ಗುರುತು ಬಿಟ್ಟಿದ್ದ.

ಯಾರಿಗೆ ಹೆದರಿ?

* * *

ಫೌಜದಾರರು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದರು. ತಾಯವ್ವ ಅವರ ಕಿವಿಯಲ್ಲಿ ಮೂರು ಮಾತು ಹೇಳಿದಳು. ಅವರ ಬಾಯಲ್ಲಿದ್ದ ಎಲೆ ಅಡಿಕೆ ನಿಂತಿತು.

"ಖರೇನು ತಾಯವ್ವ?"

"ಕಣ್ಣ ಮುಂದ ಬರ್ತಾನ, ನೋಡ್ರಿ. ಮಾಳಿಂಗರಾಯನ್ನ ಸಂಜಿತನಕ ಇಟಗೋಬ್ಯಾಡ್ರಿ."

"ಆಂವ ಜೀವಂತ ಎದ್ದು ನಿಂತ್ರ ಈಗಿಂದೀಗ ಬಿಡ್ತೇನಿ."

ರಂಜನಾ ತನ್ನ ಕುರ್ಚಿಗೆ ಆಗಷ್ಟೇ ವಾಪಸು ಬಂದಿದ್ದಳು. ಹಣೆಯ ಮೇಲೆ ಬೆವರು. ತಾಯವ್ವ ಅವಳ ಭುಜ ತಟ್ಟಿದಳು. "ನಿನ್ನ ಗಂಡ ಇವತ್ತ ರಾತ್ರಿ ಮನಿ ರೊಟ್ಟಿ ತಿಂತಾನ." ರಂಜನಾ ತಲೆಯಾಡಿಸಿದಳು, ನಗಲಿಲ್ಲ.

ಡೊಳ್ಳು ಬಡಿಯಿತು. ದೀಪಗಳು ಆರಿ ವೇದಿಕೆಯ ಮೇಲೆ ಒಂದೇ ಬೆಳಕು ಉಳಿಯಿತು. ಗಿರಿಮಲ್ಲಪ್ಪ ಎರಡೂ ತೋಳು ಚಾಚಿ ನಿಂತ. ಕೆನ್ನೆಯ ಮೇಲೆ ಪೌಡರು ಒಂದು ಪದರ ಹೆಚ್ಚೇ ಇತ್ತು.

"ಕೃಷ್ಣೆ ನುಂಗಿದ್ದನ್ನು ಕೃಷ್ಣೆಯೇ ಕೊಟ್ಟಳು! ಸಾವು ನನ್ನ ಶಿಷ್ಯನ ಎದುರು ಕೈ ಮುಗಿಯಿತು! ತಾಯಿ ತಂಗೆವ್ವ, ಕಣ್ಣು ಒರೆಸಿಕೊಳ್ಳಿ. ನೋಡಿ!"

ಕೆಂಪು ಪರದೆ ಸರಿಯಿತು.

ಬಂಗಾರದ ಬಣ್ಣದ ಸಿಂಹಾಸನ. ಅದರಲ್ಲಿ ಯಾರೂ ಇರಲಿಲ್ಲ.

ಇದೂ ಪವಾಡದ ಭಾಗ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಗಿರಿಮಲ್ಲಪ್ಪನೂ ಒಂದು ಗಳಿಗೆ ನಕ್ಕ. ಆಮೇಲೆ ಹಿಂದೆ ತಿರುಗಿದ. ಅವನ ಮುಖದ ಮೇಲೆ ಅಚ್ಚರಿ ಖರೇದೇ ಕಂಡಿತು.

ಸಿಂಹಾಸನದ ದಿಂಬಿನ ಮೇಲೆ ಏನೋ ಹೊಳೆಯುತ್ತಿತ್ತು. ತಾಯವ್ವ ಓಡಿ ಮೆಟ್ಟಿಲು ಹತ್ತಿದಳು.

ಬೆಳ್ಳಿಯ ಕರಡಿಗೆ. ಅದನ್ನು ಕೊರಳಿಗೆ ಕಟ್ಟುವ ಶಿವದಾರವನ್ನು ಯಾರೋ ಕತ್ತರಿಸಿದ್ದರು.

ಹಿಂದಿನಿಂದ ತಂಗೆವ್ವನ ದನಿ ಬಂತು. ಕೂಗಲಿಲ್ಲ ಅವಳು. ಬಾಗಿಲಲ್ಲಿ ನಿಂತು ನೆರೆಮನೆಯವಳಿಗೆ ಹೇಳುವಂತೆ ಹೇಳಿದಳು. "ಅದು ನಮ್ಮ ಕಲ್ಮೇಶಂದು. ಅದನ್ನ ಆಂವ ತಗ್ಯಾಂಗಿಲ್ಲರಿ. ಜಳಕದಾಗೂ ತಗ್ಯಾಂಗಿಲ್ಲ. ಜೀವ ಇರೂತನಕ ತಗ್ಯಾಂಗಿಲ್ಲ."

ಚಪ್ಪಾಳೆ ನಿಂತಿತು. ಗಿರಿಮಲ್ಲಪ್ಪನ ಕೈ ತನ್ನ ಕೊರಳಿಗೆ ಹೋಯಿತು, ಅಂಗಿಯೊಳಗಿನ ತನ್ನ ಲಿಂಗವನ್ನು ತಡವಿತು.

ತಾಯವ್ವನ ಚೀಲದಲ್ಲಿ ಫೋನು ಗುಂಯ್ ಎಂದಿತು. ಅವಳು ತೆಗೆದು ನೋಡಿದಳು. ಕಲ್ಮೇಶನ ನಂಬರು.

ಖುರ್ಚಿ ನೋಡಿದ್ರೇನು ಗುರುಗಳ?

ಅವಳು ಅದನ್ನು ಫೌಜದಾರರ ಕಣ್ಣ ಮುಂದೆ ಹಿಡಿದಳು. "ಮಾಳಿಂಗರಾಯ ನಿಮ್ಮ ಲಾಕಪ್‌ನ್ಯಾಗ ಅದಾನ. ಅವನ ಕೈಯಾಗ ಫೋನಿಲ್ಲ. ಗುರುವಿನ ಫೋನು ನನ್ನ ಕೈಯಾಗೈತಿ. ಖುರ್ಚಿ ಈಗ ಕಂಡದ್ದು ಈ ಮಂಟಪದಾಗ ಇದ್ದವರಿಗೆ ಮಾತ್ರ. ಇದನ್ನ ಕಳಿಸಿದವರು ಇಲ್ಲೇ ಕುಂತಾರ."

ಫೌಜದಾರರು ಶಾಲು ಕಿತ್ತೆಸೆದು ಬಾಗಿಲ ಕಡೆ ಕೈ ಮಾಡಿದರು. ಪೊಲೀಸರು ಬಾಗಿಲು ಹಾಕಿದರು.

ತಾಯವ್ವ ಗಿರಿಮಲ್ಲಪ್ಪನ ಕೊರಳಿನ ಮೈಕು ಕಿತ್ತುಕೊಂಡಳು.

"ದೀಪಾ ಹಚ್ರಿ! ಕೈ ಎತ್ರಿ ಎಲ್ಲಾರೂ! ಒಂದಲ್ಲ, ಎರಡೂ ಕೈ!"

ಮಂಟಪದ ಅಷ್ಟೂ ಕೈಗಳು ಮೇಲೆ ಹೋದವು. ಮುಧೋಳದ ಕಿರಾಣಿ ವ್ಯಾಪಾರಿಯವು ಎಲ್ಲರಿಗಿಂತ ಮೊದಲು. ತಂಗೆವ್ವನ ಕೈಗಳೂ ಹೋದವು.

ತಾಯವ್ವನ ಕಣ್ಣು ಸಾಲು ಸಾಲಾಗಿ ಹಾಯ್ದು, ಕೊನೆಗೆ ಮುಂದಿನ ಸಾಲಿಗೆ ಬಂತು. ತಾನು ಶೇಂಗಾ ತಿಂದ ಕುರ್ಚಿ. ಅದರ ಎಡಕ್ಕೆ ರಂಜನಾ.

ರಂಜನಾಳ ಎರಡೂ ಕೈ ಸೆರಗಿನೊಳಗೇ ಇದ್ದವು, ಸೆರಗಿನ ಬಟ್ಟೆಯ ಹಿಂದೆ ಒಂದು ಫೋನಿನ ಬೆಳಕು.